ದೀಪಸ್ತಂಭದ ಮೇಲೆ ಹುಲಿಗೆವ್ವ

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಲೋಟವಿದೆ. ಅದರ ಬಾಯಿ ಗುಂಡಗಿಲ್ಲ. ಒಂದು ಕಡೆ ನೆಗ್ಗಿದೆ, ಇನ್ನೊಂದು ಕಡೆ ಉಬ್ಬಿದೆ. ತಳವೂ ಸರಿಯಿಲ್ಲ, ಕಟ್ಟೆಯ ಮೇಲಿಟ್ಟರೆ ಸ್ವಲ್ಪ ಹೊತ್ತು ತೂಗಾಡಿ ಆಮೇಲೆ ಸುಮ್ಮನಾಗುತ್ತದೆ. ಬಂದವರಿಗೆ ಅದರಲ್ಲಿ ನೀರು ಕೊಡುವ ಹಾಗಿಲ್ಲ, ಎತ್ತಿ ಕುಡಿದರೆ ಎದೆಯ ಮೇಲೆ ಸುರಿದುಕೊಳ್ಳುತ್ತಾರೆ. ಹಳೇ ಪಾತ್ರೆಗೆ ಹೊಸ ಪಾತ್ರೆ ಕೊಡುವ ಗಾಡಿ ಬಳ್ಳಾರಿ ಸತ್ಯನಾರಾಯಣಪೇಟೆಯ ನಮ್ಮ ಓಣಿಗೆ ಬಂದಾಗಲೆಲ್ಲ ನಮ್ಮ ಮನೆಯವರು ಆ ಲೋಟದ ಕಡೆ ನೋಡುತ್ತಾರೆ. ನಾನು ಅವರ ಕಡೆ ನೋಡುತ್ತೇನೆ. ಗಾಡಿ ಮುಂದಕ್ಕೆ ಹೋಗುತ್ತದೆ.

ಲೋಟಕ್ಕೆ ಈ ಗತಿ ತಂದವಳು ನನ್ನ ತಾಯಿಯ ಅಕ್ಕ, ಹುಲಿಗೆವ್ವ ದೊಡ್ಡವ್ವ. ಒಂದು ಚಳಿಗಾಲವಿಡೀ ಅವಳು ನಮ್ಮ ಮನೆಯನ್ನು ಆ ಒಂದು ಲೋಟದಿಂದ ಆಳಿದಳು. ಮಾತಿಲ್ಲ, ಕತೆಯಿಲ್ಲ. ಮಂಚದ ಕಬ್ಬಿಣದ ಕಾಲಿಗೆ ಲೋಟ ಬಡಿದರೆ ಯಾರಾದರೂ ಓಡಬೇಕು. ಮೆಲ್ಲಗೆ ಬಡಿದರೆ ಚಹಾ, ಜೋರಾಗಿ ಬಡಿದರೆ ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಬಿಡದೆ ಬಡಿದರೆ ಟೀವಿಯ ಧಾರಾವಾಹಿಯ ಅತ್ತೆ ಏನೋ ಅನ್ಯಾಯ ಮಾಡುತ್ತಿದ್ದಾಳೆ, ಬಂದು ನೋಡಿರಿ ಎಂದು ಅರ್ಥ. ನಮ್ಮ ಮನೆಯವರಿಗೆ ಈ ಭಾಷೆ ಕೊನೆಯವರೆಗೂ ಹತ್ತಲಿಲ್ಲ. ಫ್ಯಾನು ಹಾಕು ಎಂದು ಬಡಿದರೆ ಅವರು ಚಹಾ ತಂದುಕೊಡುತ್ತಿದ್ದರು, ಹಾಲು ಉಕ್ಕುತ್ತಿದೆ ಎಂದರೆ ಫ್ಯಾನು ಹಾಕುತ್ತಿದ್ದರು. ಪಕ್ಕದ ಮನೆಯ ಪದ್ಮಕ್ಕ ಒಂದು ದಿನ ಕಾಂಪೌಂಡಿನ ಆಚೆಯಿಂದ, ಗಂಡ ಹೆಂಡತಿ ಪಾತ್ರೆ ಎಸೆದಾಡುವಂಥದ್ದು ಏನಾಗಿದೆ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ್ದರು.

ಇದೆಲ್ಲ ತಮಾಷೆಯಾಗಿ ಕಾಣಬೇಕಾದರೆ ನಿಮಗೆ ದೊಡ್ಡವ್ವನ ಹಿಂದಿನ ದನಿ ಗೊತ್ತಿರಬೇಕು. ಗೊತ್ತಿದ್ದರೆ ಅಷ್ಟೊಂದು ತಮಾಷೆ ಅನ್ನಿಸುವುದೂ ಇಲ್ಲ.

ಅವಳ ಊರು ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿ. ಈಗ ಅಲ್ಲಿ ಎತ್ತ ನೋಡಿದರೂ ಕಾಲುವೆ ನೀರು, ನೆಲ್ಲು, ಕೆಸರು ಮೆತ್ತಿದ ಟ್ರ್ಯಾಕ್ಟರು. ಆದರೆ ಕಾಲುವೆಯ ನೀರು ಹತ್ತದ ಒಂದಿಷ್ಟು ಎತ್ತರದ ಹೊಲ ನಮ್ಮ ಅಜ್ಜನಿಗಿತ್ತು. ಅದರಲ್ಲಿ ಬಿಳಿಜೋಳ ಬೆಳೆಯುತ್ತಿದ್ದರು. ತೆನೆ ಹಾಲುಗಟ್ಟಿದ ಮೇಲೆ ಹಕ್ಕಿ ಕಾಯುವುದು ದೊಡ್ಡವ್ವನ ಕೆಲಸ. ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಮೇಲೆ ಕಟ್ಟಿಗೆ ಹಾಸಿದ ಅಟ್ಟ. ಕೈಯಲ್ಲಿ ಕವಣೆ. ಕವಣೆಗಿಂತ ದೊಡ್ಡ ಆಯುಧ ಗಂಟಲು. ಸಂಕ್ರಾಂತಿಯ ರಜೆಗೆ ಹೋದಾಗ ನಾನೂ ಆ ಅಟ್ಟ ಹತ್ತಿ ಕೂತಿದ್ದೇನೆ. ಅಷ್ಟು ಹೊತ್ತಿಗೆ ಅವಳಿಗೆ ಮದುವೆಯಾಗಿ, ಗಂಡ ಮನೆಯಳಿಯನಾಗಿ ಬಂದು, ಬಸವ ಹುಟ್ಟಿದ್ದ. ಆದರೂ ಹಕ್ಕಿ ಕಾಯುವ ಕೆಲಸ ಮಾತ್ರ ಅವಳದೇ. ಮಡಿಲಲ್ಲಿ ಬಿಸಿಬಿಸಿ ಸೀತನಿ, ಅಂದರೆ ಸುಟ್ಟು ಉಜ್ಜಿದ ಎಳೆಜೋಳ, ಅದರ ಮೇಲೆ ಶೇಂಗಾ ಚಟ್ನಿಪುಡಿ. ನಾನು ತಿನ್ನುವುದು, ಅವಳು ಕೂಗುವುದು. ಕೂಗು ಕೆಳಗಿನಿಂದ ಶುರುವಾಗಿ, ಎದ್ದು, ಹೊಲದ ಆ ತುದಿಯವರೆಗೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು ಇಳಿಯುತ್ತಿತ್ತು. ಗಿಳಿಗಳು, ಗುಬ್ಬಿಗಳು, ಕಬ್ಬಕ್ಕಿಗಳು ಹಿಂಡು ಹಿಂಡಾಗಿ ಎದ್ದು ಪಕ್ಕದವರ ಹೊಲದಲ್ಲಿ ಇಳಿಯುತ್ತಿದ್ದವು. ಆಗ ಪಕ್ಕದ ಹೊಲದವರು ಕೂಗುತ್ತಿದ್ದರು. ಹಕ್ಕಿಗಳು ಸಂಜೆಯವರೆಗೂ ಹೀಗೇ ಹೊಲದಿಂದ ಹೊಲಕ್ಕೆ ತಿರುಗಾಡಿ, ಎಲ್ಲರ ಮನೆಯದನ್ನೂ ಸ್ವಲ್ಪ ಸ್ವಲ್ಪ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದವು ಎಂದು ನನಗೀಗ ಅನ್ನಿಸುತ್ತದೆ.

ಅಟ್ಟ ಹೋಯಿತು, ಜೋಳ ಹೋಯಿತು, ದನಿ ಉಳಿಯಿತು. ಆಮೇಲೆ ದೊಡ್ಡವ್ವ ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಹಿರಿಯಳಾದಳು. ಬೆಳಿಗ್ಗೆ ಊರಬಾಗಿಲ ಅಗಸಿಯ ಹತ್ತಿರ ನಿಂತು ಒಂದು ಸಲ ಕೂಗಿದರೆ ಸಾಕು, ಓಣಿ ಓಣಿಯಿಂದ ಹೆಂಗಸರು ಬುತ್ತಿ ಹಿಡಿದು ಬಂದು ಟ್ರ್ಯಾಕ್ಟರಿನ ಟ್ರೇಲರು ಹತ್ತುತ್ತಿದ್ದರು. ಗದ್ದೆಯಲ್ಲಿ ಯಾರ ಸಾಲು ಸೊಟ್ಟಗಾಯಿತು, ಯಾರು ಸಸಿಯನ್ನು ದಪ್ಪ ದಪ್ಪ ಹಚ್ಚುತ್ತಿದ್ದಾರೆ, ಯಾರು ಬಗ್ಗಿದಂತೆ ಮಾಡಿ ನಿಂತೇ ಇದ್ದಾರೆ, ಎಲ್ಲಕ್ಕೂ ಬದುವಿನ ಮೇಲಿಂದಲೇ ವಿಚಾರಣೆ. ಸಿಟ್ಟು ಸಣ್ಣದಿದ್ದರೆ ಕನ್ನಡ, ದೊಡ್ಡದಾದರೆ ತೆಲುಗು. ಊರಿನಲ್ಲಿ ಅವಳ ಮುಖಕ್ಕಿಂತ ಅವಳ ದನಿಯನ್ನು ಬಲ್ಲವರೇ ಹೆಚ್ಚು.

ಆ ಗಂಟಲಿನಲ್ಲೇ ಗಡ್ಡೆ ಬೆಳೆಯಿತು. ದಸರೆ ಮುಗಿದ ಮೇಲೆ ಬಳ್ಳಾರಿಗೆ ಕರೆತಂದು ಆಪರೇಷನ್ ಮಾಡಿಸಿದೆವು. ಗಡ್ಡೆ ಅಪಾಯದ್ದಲ್ಲ ಎಂದು ಗೊತ್ತಾದಾಗ ಬಸವನೂ ನಾನೂ ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತುಬಿಟ್ಟೆವು. ಆದರೆ ದನಿ ಬರಲಿಲ್ಲ. ಡಾಕ್ಟರು ಮತ್ತೆ ಮತ್ತೆ ಹೇಳಿದರು, ನರಕ್ಕೇನೂ ಆಗಿಲ್ಲ, ಮಾತಾಡಿಸಬೇಕು, ಪಿಸುಗುಟ್ಟಬಾರದು, ಬಾಯಿಬಿಟ್ಟು ಮಾತಾಡುತ್ತಾ ಹೋದರೆ ತಾನಾಗಿ ಬರುತ್ತದೆ ಎಂದು. ದೊಡ್ಡವ್ವ ನಮ್ಮ ಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಪ್ರಯತ್ನ ಮಾಡಿದಳು. ತರಕಾರಿ ಗಾಡಿಯವನನ್ನು ಕರೆದಳು. ಎಣ್ಣೆ ಕಾಣದ ಬಾಗಿಲಿನ ಕಿರ್ ಸದ್ದಿನಂಥದು ಏನೋ ಹೊರಬಂತು. ಗಾಡಿಯವನು ತಿರುಗಿಯೂ ನೋಡದೆ ಹೋದ. ಅವನಿಗೆ ಕೇಳಿಸಲೇ ಇಲ್ಲ, ಪಾಪ. ಅವಳು ಒಳಗೆ ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಂಜೆ ಅಡುಗೆಮನೆಗೆ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು:

"ಈ ದನಿ ತಗೊಂಡು ನಾ ಹಚ್ಚೊಳ್ಳಿಗೆ ಹೋಗಂಗಿಲ್ಲ, ಶಾರಿ. ಬಂದ್ರ ಹೋಗ್ತೀನಿ. ಬರಲಿಲ್ಲಂದ್ರ ಇಲ್ಲೇ ನಿನ್ನ ಮನಿ ಮೂಲ್ಯಾಗ ಇರ್ತೀನಿ."

ಅದಾದ ಮೇಲೆ ಲೋಟ ಕೈಗೆ ಬಂತು. ಊರಿನಿಂದ ಬಸವ ದಿನಾ ಫೋನು ಮಾಡುತ್ತಿದ್ದ. ಅವಳು ಕಿವಿಗಿಟ್ಟುಕೊಂಡು ಎಲ್ಲ ಕೇಳಿ, ಹೂಂ ಕೂಡ ಅನ್ನದೆ ನನ್ನ ಕೈಗೆ ಕೊಡುತ್ತಿದ್ದಳು. ಎರಡನೇ ಬೆಳೆಯ ಸಸಿಮಡಿ ಹಾಕಿದ್ದಾರೆ, ಸಂಕ್ರಾಂತಿ ಕಳೆದರೆ ನಾಟಿ, ಹೆಂಗಸರು ಕೇಳುತ್ತಿದ್ದಾರೆ ಎಂದು ಅವನು ನನಗೆ ಹೇಳುತ್ತಿದ್ದ. ಅವಳ ಜಾಗದಲ್ಲಿ ಬೇರೆ ಯಾರನ್ನಾದರೂ ನಿಲ್ಲಿಸುತ್ತಾರಂತೆ ಎನ್ನುವುದನ್ನು ಅವನು ಅವಳಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಈಗ ನನ್ನ ಹಕ್ಕಿಹುಚ್ಚಿನ ವಿಷಯ ಹೇಳಬೇಕು. ಹುಚ್ಚು ಎಂದರೆ ದೊಡ್ಡ ಮಾತಾಯಿತು. ಡಾಕ್ಟರು ನನಗೆ ನಡೆಯಲು ಹೇಳಿದ್ದರು. ಒಬ್ಬಳೇ ನಡೆಯಲು ಬೇಸರ. ನಮ್ಮ ಓಣಿಯ ಗುಂಡಾಚಾರ್ರು ಭಾನುವಾರ ಭಾನುವಾರ ಒಂದಷ್ಟು ಜನರನ್ನು ಕಟ್ಟಿಕೊಂಡು ಕೊಳಗಲ್ಲಿನ ಕಡೆಯ ಹೊಲಗಳಿಗೆ ಹಕ್ಕಿ ನೋಡಲು ಹೋಗುತ್ತಿದ್ದರು. ನಾನೂ ಒಂದು ದುರ್ಬೀನು ಕೊಂಡು ಸೇರಿಕೊಂಡೆ. ಇಷ್ಟು ವರ್ಷವಾದರೂ ನನಗೆ ಖಾತ್ರಿಯಾಗಿ ಗುರುತು ಸಿಗುವುದು ಬೆಳ್ಳಕ್ಕಿ, ಕಾಗೆ ಮತ್ತು ಮಿಂಚುಳ್ಳಿ. ಮಿಕ್ಕಿದ್ದೆಲ್ಲ ಕಂದು ಬಣ್ಣದವು, ನಾನು ದುರ್ಬೀನಿನ ಗಾಲಿ ತಿರುಗಿಸುವಷ್ಟರಲ್ಲಿ ಹಾರಿಹೋಗುವಂಥವು. ಆಪರೇಷನ್ನಿಗೆ ಮೊದಲು ಒಮ್ಮೆ ದೊಡ್ಡವ್ವ ಬಂದಿದ್ದಾಗ ನನ್ನ ದುರ್ಬೀನು ನೋಡಿ, ಹೊಲ ಮೇಯಲು ಬರುವ ಕಳ್ಳರನ್ನು ಓಡಿಸುವುದು ಬಿಟ್ಟು ಇದರಲ್ಲಿ ನೋಡುತ್ತಾ ಕೂರುತ್ತೀರಾ ಎಂದು ಇಡೀ ಓಣಿಗೆ ಕೇಳುವಂತೆ ನಕ್ಕಿದ್ದಳು.

ಗುಂಡಾಚಾರ್ರು ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಹಣೆಯ ಮೇಲೆ ಅಂಗಾರ ಅಕ್ಷತೆ, ಅದರ ಮೇಲೆ ಸೈನಿಕರಂಥ ಹಸಿರು ಟೊಪ್ಪಿಗೆ. ಹಕ್ಕಿ ನೋಡುವಾಗ ಅವರಿಗೆ ಬೇಕಾದದ್ದು ಒಂದೇ, ನಿಶ್ಶಬ್ದ. ನನ್ನ ಬಳೆ ಸದ್ದು ಮಾಡುತ್ತದೆ, ನಮ್ಮ ಮನೆಯವರು ಕೆಮ್ಮುತ್ತಾರೆ, ಯಾರೋ ಟಿಫಿನ್ ಡಬ್ಬಿ ತೆರೆಯುತ್ತಾರೆ. ಪ್ರತಿಯೊಂದಕ್ಕೂ ತಿರುಗಿ ಕಣ್ಣು ಬಿಡುತ್ತಾರೆ. ಹಳೆಯ ವಿದ್ಯಾರ್ಥಿಗಳು ಆ ಕಣ್ಣಿಗೆ ಇವತ್ತಿಗೂ ಬೀದಿಯಲ್ಲಿ ದಾರಿ ಬಿಡುತ್ತಾರೆ.

ದೊಡ್ಡವ್ವನನ್ನು ಮನೆಯಲ್ಲಿ ಒಬ್ಬಳೇ ಬಿಡಲು ಮನಸ್ಸಾಗದೆ ಒಂದು ಭಾನುವಾರ ಅವಳನ್ನೂ ಕರೆದುಕೊಂಡು ಹೋದೆ. ಅವಳು ಬದುವಿನ ಮೇಲೆ ಕೂತವಳು ಬೆಳಗಿನ ಹೊತ್ತೆಲ್ಲ ತುಟಿ ಎರಡು ಮಾಡಲಿಲ್ಲ. ಅವಳಿಗೆ ದುಃಖ. ಆಚಾರ್ರಿಗೆ ಪರಮಾನಂದ.

"ಶಾರದಮ್ಮಾರೆ, ಹಕ್ಕಿ ನೋಡೋರು ಅಂದ್ರ ಹಿಂಗಿರಬೇಕ್ರಿ," ಎಂದರು. "ನಿಮ್ಮ ದೊಡ್ಡವ್ವನ್ನ ನೋಡಿ ಕಲೀರಿ. ಇಂಥವ್ರು ಇನ್ನಿಬ್ರು ಸಿಕ್ರ ಸಾಕ್ರಿ ನನಗ."

ಅವರ ಕಣ್ಣಿಗೆ ಬೀಳದ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಎದುರಿನ ಹೊಲಕ್ಕೆ ಹಕ್ಕಿಯ ಹಿಂಡು ಇಳಿದಾಗಲೆಲ್ಲ ದೊಡ್ಡವ್ವನ ಬಲಗೈ ತನಗೆ ತಾನೇ ಮಣ್ಣಿನಲ್ಲಿ ಕಲ್ಲು ಹುಡುಕುತ್ತಿತ್ತು.

ಹೀಗೆ, ಗುಂಪಿನ ಅತ್ಯುತ್ತಮ ಸದಸ್ಯೆ ಎಂಬ ಹೆಸರಿನ ಮೇಲೆಯೇ ದೊಡ್ಡವ್ವ ಕರಾವಳಿಗೆ ಹೊರಟದ್ದು. ಆಚಾರ್ರಿಗೆ ಬಹಳ ವರ್ಷಗಳಿಂದ ಒಂದು ಹಕ್ಕಿಯ ಮೇಲೆ ಕಣ್ಣು. ಕಪ್ಪು ಬಿಳುಪು ಮೈ, ಉದ್ದನೆಯ ಕೆಂಪು ಕೊಕ್ಕು, ಚಳಿಗಾಲದಲ್ಲಿ ಮಾತ್ರ ಎಲ್ಲಿಂದಲೋ ನಮ್ಮ ಕಡಲ ದಂಡೆಗೆ ಬರುತ್ತದಂತೆ. ಅದರ ಚಿತ್ರವಿರುವ ಪುಟ ಅವರ ಪುಸ್ತಕದಲ್ಲಿ ಬೆರಳಾಡಿ ಬೆರಳಾಡಿ ಮಾಸಿಹೋಗಿದೆ. ಗುಂಪಿನವರು ಅದನ್ನು ಆಚಾರ್ರ ಹಕ್ಕಿ ಎಂದೇ ಕರೆಯುತ್ತಿದ್ದೆವು. ಕಾಪುವಿನ ಬ್ರಿಟಿಷರ ಕಾಲದ ದೀಪಸ್ತಂಭದ ಹತ್ತಿರದ ಬಂಡೆಗಳಲ್ಲಿ ಅದು ಕಂಡಿದೆ ಎಂದು ಯಾರೋ ಹೇಳಿದರು. ಅದೂ ಸ್ತಂಭದ ಮೇಲೆ ನಿಂತು ನೋಡಿದರೆ ಹಕ್ಕಿಗೆ ಗಾಬರಿಯಾಗುವುದಿಲ್ಲವಂತೆ. ಆಚಾರ್ರು ಟೆಂಪೋ ಗೊತ್ತು ಮಾಡಿಯೇಬಿಟ್ಟರು.

ಬಳ್ಳಾರಿಯವರಿಗೆ ಬಿಸಿಲಿನ ವಿಷಯದಲ್ಲಿ ಒಂದು ಅಹಂಕಾರವಿದೆ. ನಮ್ಮ ಊರಿನಲ್ಲಿ ಬದುಕಿದವರಿಗೆ ಇನ್ನಾವ ಊರಿನ ಬಿಸಿಲೂ ಲೆಕ್ಕಕ್ಕಿಲ್ಲ ಎಂದು ದಾರಿಯುದ್ದಕ್ಕೂ ನಮ್ಮ ಮನೆಯವರು ಭಾಷಣ ಮಾಡಿದರು. ಘಟ್ಟ ಇಳಿದು ಅರ್ಧ ಗಂಟೆಯೊಳಗೆ ಅಂಗಿ ಬೆನ್ನಿಗೆ ಅಂಟಿ, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕತೊಡಗಿದಾಗ ಭಾಷಣ ನಿಂತಿತು. ನಮ್ಮದು ಸುಡುವ ಬಿಸಿಲು, ಇದು ಬೇಯಿಸುವ ಬಿಸಿಲು ಎಂದು ಕೊನೆಗೆ ಒಪ್ಪಿಕೊಂಡರು.

ದೊಡ್ಡವ್ವ ಕಡಲು ನೋಡಿದ್ದು ಅದೇ ಮೊದಲು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಬಹಳ ಹೊತ್ತು ನಿಂತಳು. ತುಂಗಭದ್ರೆಯ ಕಾಲುವೆ, ಮುನಿರಾಬಾದಿನ ಡ್ಯಾಮು, ಅವಳು ಕಂಡ ನೀರೆಂದರೆ ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಚಕ್ರ ತಿರುಗಿಸಿ ತೋರಿಸಿದಳು. ಕಾಲುವೆಯ ಗೇಟು ಎತ್ತುವ ಚಕ್ರ. ಇಷ್ಟು ನೀರು ಬಿಡುವವರು ಯಾರು ಎಂದು ಕೇಳುತ್ತಿದ್ದಾಳೆ. ಇದಕ್ಕೆ ಗೇಟಿಲ್ಲ, ಯಾರೂ ಬಿಡುವುದಿಲ್ಲ, ಅದರಷ್ಟಕ್ಕೆ ಅದು ಇದೆ ಎಂದೆ. ಅವಳು ನನ್ನನ್ನು ನಂಬಲಿಲ್ಲ. ಸಿರುಗುಪ್ಪದ ಕಡೆ ನೀರಿಗೆ ಸರತಿಯಿದೆ, ಕೊನೆಯ ಹೊಲದವರಿಗೆ ಜಗಳವಿದೆ. ಯಾರೂ ಬಿಡದೆ ಬರುವ ನೀರು ಎಲ್ಲೂ ಇಲ್ಲ.

ದೀಪಸ್ತಂಭವಿರುವುದು ದಂಡೆಯ ಒಂದು ದೊಡ್ಡ ಕಪ್ಪು ಬಂಡೆಯ ಮೇಲೆ. ಬಂಡೆಗೆ ಮೆಟ್ಟಿಲು, ಮೇಲೆ ಕಪ್ಪು ಬಿಳಿ ಪಟ್ಟೆಯ ಗೋಪುರ, ಗೋಪುರದೊಳಗೆ ಸುತ್ತುತ್ತಾ ಹೋಗುವ ಇನ್ನಷ್ಟು ಮೆಟ್ಟಿಲು. ಸಂಜೆಯ ಹೊತ್ತು ಮಾತ್ರ ಜನರನ್ನು ಒಳಗೆ ಬಿಡುತ್ತಾರೆ. ನಮ್ಮ ಮನೆಯವರು ಕುರುಗೋಡಿನವರು. ಚಿಕ್ಕಂದಿನಿಂದ ಕುರುಗೋಡಿನ ಗುಡ್ಡಗಳನ್ನು ಹತ್ತಿ ಇಳಿದವನಿಗೆ ಇದೇನು ಮಹಾ ಎಂದು ಹೇಳಿ, ಆ ಕಾರಣಕ್ಕೇ ಹತ್ತುವ ಅಗತ್ಯವಿಲ್ಲವೆಂದು ತೀರ್ಮಾನಿಸಿ, ಕೆಳಗೆ ನಮ್ಮ ಚಪ್ಪಲಿ ಕಾಯುತ್ತಾ ಕೂತರು. ನಾನು ನಡುನಡುವೆ ದೀಪಸ್ತಂಭದ ಇತಿಹಾಸದಲ್ಲಿ ಬಹಳ ಆಸಕ್ತಿ ಇರುವವಳಂತೆ ನಿಂತು ಗೋಡೆ ನೋಡುತ್ತಾ ಏದುಸಿರು ಇಳಿಸಿಕೊಂಡೆ. ಗದ್ದೆಯಲ್ಲಿ ಬಗ್ಗಿ ಬಗ್ಗಿ ಗಟ್ಟಿಯಾದ ದೊಡ್ಡವ್ವ ನನಗಿಂತ ಮೊದಲೇ ಮೇಲಿದ್ದಳು.

ಮೇಲೆ ದೀಪದ ಕೋಣೆಯ ಸುತ್ತ ಕಟಾಂಜನವಿರುವ ಕಿರಿದಾದ ಓಡಾಟದ ಜಾಗ. ಗಾಳಿ ಎಂದರೆ ಗಾಳಿ. ಒಂದು ಕಡೆ ತುದಿಯಿಲ್ಲದ ನೀರು, ಇನ್ನೊಂದು ಕಡೆ ತೆಂಗಿನ ತಲೆಗಳು, ಕೆಳಗೆ ಮರಳು. ಇಂಥ ಎತ್ತರದಲ್ಲಿ ಬೆಳಕು ಹಚ್ಚಿಟ್ಟು, ಕಾಣದ ಹಡಗಿನವರಿಗೆ ಇಲ್ಲಿ ಬಂಡೆಯಿದೆ ಎಂದು ರಾತ್ರಿಯೆಲ್ಲ ಯಾರೋ ಹೇಳುತ್ತಾ ನಿಂತದ್ದನ್ನು ನೆನೆದು ನನಗೆ ಯಾಕೋ ಖುಷಿಯಾಯಿತು. ಒಂದು ಗರುಡ ನಮ್ಮ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೇ ತೇಲಿ ಹೋಯಿತು. ಹಕ್ಕಿಯ ಬೆನ್ನನ್ನು ಮೇಲಿನಿಂದ ನೋಡುವ ಭಾಗ್ಯ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅಲೆಯ ಅಂಚಿನಲ್ಲಿ ಮರಳಿನದೇ ಬಣ್ಣದ ಪುಟ್ಟ ಹಕ್ಕಿಗಳು ನೀರು ಹಿಂದೆ ಸರಿದಾಗ ಮುಂದೆ ಓಡುತ್ತಾ, ನೀರು ಮುಂದೆ ಬಂದಾಗ ಹಿಂದೆ ಓಡುತ್ತಾ, ಒಂದು ನಿಮಿಷ ಬಿಡುವಿಲ್ಲದೆ ಗಡಿಬಿಡಿಯಲ್ಲಿದ್ದವು. ಅವುಗಳ ಹೆಸರು ಕೇಳಿದೆ. ಆಚಾರ್ರು ಕ್ಯಾಮೆರಾದ ಹಿಂದೆ ಕಲ್ಲಾಗಿದ್ದರು.

ಕೆಳಗೆ, ಸ್ವಲ್ಪ ದೂರದ ಬಂಡೆಗಳ ಮೇಲೆ ಕಡಲಹಕ್ಕಿಗಳ ದೊಡ್ಡ ಹಿಂಡು ಕೂತಿತ್ತು. ಅವುಗಳ ಪಕ್ಕದ ಒಂದು ಕಲ್ಲಿನ ಹಿಂದೆ ಒಂದು ಕಪ್ಪು ಬೆನ್ನು. ತಲೆ ಕಲ್ಲಿನ ಮರೆಯಲ್ಲಿ. ಕೊಕ್ಕು ಕಾಣುತ್ತಿಲ್ಲ. ಆಚಾರ್ರು ತುಟಿ ಮಾತ್ರ ಅಲ್ಲಾಡಿಸಿ, ಯಾರೂ ಉಸಿರಾಡಬ್ಯಾಡ್ರಿ ಎಂದರು. ನಾವೆಲ್ಲ ಉಸಿರು ಹಿಡಿದೆವು.

ಆ ಹೊತ್ತಿಗೆ ದೊಡ್ಡವ್ವ ನನ್ನ ತೋಳು ಜಗ್ಗಿದಳು. ಬಂಡೆಗಳ ಈಚೆಗೆ ಮರಳಿನ ಮೇಲೆ ಬಲೆ ಹಾಸಿ, ಅದರ ಮೇಲೆ ಒಬ್ಬ ಹೆಂಗಸು ಏನನ್ನೋ ಹರವಿದ್ದಳು. ಬಿಸಿಲಿಗೆ ಬೆಳ್ಳಿಯಂತೆ ಮಿನುಗುತ್ತಿತ್ತು. ಏನದು ಎಂದು ದೊಡ್ಡವ್ವನ ಹುಬ್ಬು ಕೇಳಿತು. ಸಣ್ಣ ಮೀನು, ಒಣಗಲು ಹಾಕಿದ್ದಾರೆ ಎಂದು ಕಿವಿಯಲ್ಲಿ ಹೇಳಿದೆ. ಅವಳು ಎರಡೂ ಪಾದಗಳನ್ನು ನೆಲಕ್ಕೆ ಎಳೆಯುತ್ತಾ ಮುಂದೆ ಮುಂದೆ ನಡೆದಂತೆ ಮಾಡಿ ತೋರಿಸಿದಳು. ಸುಗ್ಗಿಯ ಕಾಲದಲ್ಲಿ ಸಿರುಗುಪ್ಪದ ರಸ್ತೆಗಳಿಗೆ ಹೋದವರಿಗೆ ಇದು ಗೊತ್ತು. ಡಾಂಬರಿನ ಮೇಲೆ ಉದ್ದಕ್ಕೂ ನೆಲ್ಲು ಹರವಿರುತ್ತಾರೆ, ಹೆಂಗಸರು ಅದರೊಳಗೆ ಹೀಗೆ ಕಾಲೆಳೆದು ನಡೆದು ಕಾಳು ತಿರುವಿ ಹಾಕುತ್ತಾರೆ. ನಮ್ಮ ನೆಲ್ಲಿದ್ದಂಗೇನು ಎಂದು ಅವಳ ಪ್ರಶ್ನೆ. ನಾನು ಹೌದೆಂದು ತಲೆಯಾಡಿಸಿದೆ. ಅಲ್ಲಿಗೆ ಎಲ್ಲ ಮುಗಿಯಿತು.

ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಸುತ್ತ ನೋಡಿ, ಮೀನು ತುಂಬಲು ಬುಟ್ಟಿ ತರಲೆಂದೇನೋ, ಮನೆಗಳ ಕಡೆ ನಡೆದಳು. ಅವಳು ಮರೆಯಾಗುವುದನ್ನೇ ಕಾಯುತ್ತಿದ್ದಂತೆ ಕಾಗೆಗಳು ಬಂದವು. ಕಾಗೆಯ ಹಿಂದೆ ಹದ್ದು. ಆಮೇಲೆ ಬಂಡೆಯ ಮೇಲಿದ್ದ ಕಡಲಹಕ್ಕಿಗಳು ಎರಡೆರಡಾಗಿ, ನಾಲ್ಕಾಗಿ ಮರಳಿನ ಕಡೆ ಇಳಿಯತೊಡಗಿದವು. ಅದೇ ಕ್ಷಣಕ್ಕೆ ಕಲ್ಲಿನ ಹಿಂದಿನಿಂದ ಕಪ್ಪು ಬೆನ್ನಿನ ಹಕ್ಕಿ ಎರಡು ಹೆಜ್ಜೆ ಈಚೆಗೆ ಬಂದು ತಲೆ ಎತ್ತಿತು. ಕೊಕ್ಕು ಕೆಂಪಗಿತ್ತು. ಆಚಾರ್ರ ಬೆರಳು ಕ್ಯಾಮೆರಾದ ಗುಂಡಿಯ ಮೇಲೆ ಹೋಯಿತು.

"ಹೋ..."

ಮೊದಲು ಬಂದದ್ದು ಆ ಹಳೇ ಬಾಗಿಲಿನ ಕಿರ್ ಸದ್ದೇ. ಅದು ಎರಡು ಹೋಳಾಗಿ ಒಡೆಯಿತು. ಒಡೆದದ್ದರ ಒಳಗಿನಿಂದ ಇನ್ನೊಂದು ಎದ್ದಿತು, ಕೆಳಗಿನಿಂದ ಶುರುವಾಗಿ, ಮೇಲೇರಿ, ದಂಡೆಯ ಆ ತುದಿಯವರೆಗೆ ಹೋಯಿತು. ಹೋಹೋಹೋ, ಹೋಗ್ರಲೇ, ಎಂದು. ಅದರ ಬಾಲಕ್ಕೆ ತೆಲುಗಿನ ಒಂದೆರಡು ಮಾತು ಬಂದವು, ಅವನ್ನು ಇಲ್ಲಿ ಬರೆಯಲಾಗುವುದಿಲ್ಲ. ಮರಳಿನ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ಬಂಡೆಯ ಮೇಲಿದ್ದವೂ ಎದ್ದವು. ಆಚಾರ್ರ ಹಕ್ಕಿ ಸಿಳ್ಳು ಹಾಕುತ್ತಾ ನೀರಿನ ಮೇಲೆ ತಗ್ಗಿ ಹಾರಿ ಬಂಡೆಗಳಾಚೆ ಹೋಯಿತು.

ದೊಡ್ಡವ್ವ ಗಂಟಲಿನ ಮೇಲೆ ಕೈಯಿಟ್ಟುಕೊಂಡು, ಯಾರೋ ಬೇರೆಯವರು ಕೂಗಿದರೇನೋ ಎಂಬಂತೆ ಗಾಬರಿಯಾಗಿ ನನ್ನನ್ನು ನೋಡಿದಳು. ಆಚಾರ್ರು ನಿಧಾನವಾಗಿ ತಿರುಗಿದರು. ಆ ಕಣ್ಣು ಬಿಟ್ಟರು. ಬಳ್ಳಾರಿಯ ಎಷ್ಟೋ ಮಕ್ಕಳು ಹೆದರಿ ನಡುಗಿದ ಕಣ್ಣು ಅದು. ದೊಡ್ಡವ್ವನ ತಲೆ ತಗ್ಗಿತು. ಈಗೇನಾದರೂ ಇವಳು ಮತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರೆ ಇನ್ನು ಯಾವತ್ತೂ ತೆರೆಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಆಚಾರ್ರ ಕೈ ಹಿಡಿದು, ಏನೂ ಅನ್ನಬೇಡಿ ಎಂದು ಬೇಡಿಕೊಳ್ಳಬೇಕೆಂದುಕೊಂಡೆ. ಕೈ ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ಒಂದು ಹದ್ದು ಸುತ್ತು ಹೊಡೆದು ಮತ್ತೆ ಮೀನಿನ ಕಡೆ ಇಳಿಯಿತು. ಆಚಾರ್ರು ಅದನ್ನು ನೋಡಿದರು. ದೊಡ್ಡವ್ವನೂ ನೋಡಿದಳು. ಸೆರಗಿನ ತುದಿ ಅವಳ ಕೈಯಲ್ಲೇ ಇತ್ತು. ಆಚಾರ್ರು ತಲೆಯ ಮೇಲಿನ ಹಸಿರು ಟೊಪ್ಪಿಗೆ ತೆಗೆದು, ಬೆವರು ಒರೆಸಿಕೊಂಡು, ಬೇರೆ ಕಡೆ ಮುಖ ತಿರುಗಿಸಿ ಹೇಳಿದರು:

"ನನ್ನ ಹಕ್ಕಿ ಅಂತೂ ಹೋತು. ಆಕಿ ಮೀನಾದ್ರೂ ಉಳೀಲಿ. ಕೂಗ್ರಿ, ಹುಲಿಗೆಮ್ಮಾರೆ."

ಸೆರಗನ್ನು ಅವಳು ಸೊಂಟಕ್ಕೆ ಬಿಗಿದಳು. ಈ ಸಲ ಬಾಯಿತಪ್ಪಿ ಬಂದ ಕೂಗಲ್ಲ, ಕಟಾಂಜನ ಹಿಡಿದು, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದ ಕೂಗು. ಅಲ್ಲಲ್ಲಿ ಸೀಳು ಇತ್ತು. ಆದರೆ ಅದು ಹಚ್ಚೊಳ್ಳಿಯ ದನಿ, ಸಂಶಯವೇ ಇಲ್ಲ. ಕೆಳಗೆ ಚಪ್ಪಲಿ ಕಾಯುತ್ತಿದ್ದ ನಮ್ಮ ಮನೆಯವರು ಎದ್ದು ನಿಂತದ್ದು ಮೇಲಿನಿಂದ ಚಿಕ್ಕದಾಗಿ ಕಂಡಿತು. ನಾನು ಅಳುತ್ತಾ ನಗುತ್ತಿದ್ದೆ, ಎರಡೂ ಗಾಳಿಯಲ್ಲಿ ಯಾರಿಗೂ ಕೇಳಲಿಲ್ಲ.

ಮೀನಿನ ಹೆಂಗಸು ಓಡಿಬಂದಳು. ದನಿ ಎಲ್ಲಿಂದ ಬಂತೆಂದು ಎಡಕ್ಕೆ ಬಲಕ್ಕೆ ನೋಡಿ, ಕೊನೆಗೆ ಕತ್ತೆತ್ತಿ ದೀಪಸ್ತಂಭದ ತುದಿಯಲ್ಲಿ ನಿಂತ ದೊಡ್ಡವ್ವನನ್ನು ಕಂಡಳು. ಕೈ ಎತ್ತಿ ಏನೋ ಕೂಗಿ ಕೇಳಿದಳು. ತುಳುವಿರಬೇಕು, ನಮಗ್ಯಾರಿಗೂ ತಿಳಿಯಲಿಲ್ಲ. ದೊಡ್ಡವ್ವನಿಗೆ ತಿಳಿಯುವ ಅಗತ್ಯವೂ ಇರಲಿಲ್ಲ.

"ನಾ ಅದೀನಿ ಮ್ಯಾಲೆ," ಎಂದು ಅವಳು ಕೆಳಕ್ಕೆ ಕೂಗಿದಳು. "ನೀ ಹೋಗಿ ಬುಟ್ಟಿ ತಗೊಂಡು ಬಾರವ್ವಾ."

ಆ ಹೆಂಗಸು ತಲೆಯಾಡಿಸಿ, ಹಿಂತಿರುಗಿ ನೋಡದೆ ಮನೆಯ ಕಡೆ ಹೋದಳು. ಮೀನು ಕಾಯಲು ಜನ ಸಿಕ್ಕಿದರೆಂಬ ಧೈರ್ಯ ಅವಳ ನಡಿಗೆಯಲ್ಲೇ ಇತ್ತು. ನಾವು ಹಕ್ಕಿ ನೋಡಲು ಬಂದವರು ಆಮೇಲೆ ಮಾಡಿದ ಕೆಲಸವೆಂದರೆ ದೊಡ್ಡವ್ವನ ಪಕ್ಕದಲ್ಲಿ ನಿಂತು, ಎಡಗಡೆ ಕಾಗೆ ಬಂತು, ಬಲಗಡೆ ಹದ್ದು ಬಂತು ಎಂದು ವರದಿ ಕೊಡುವುದು. ಆಚಾರ್ರ ದುರ್ಬೀನು ಕೂಡ ಇದಕ್ಕೇ ಬಳಕೆಯಾಯಿತು.

ಹೊತ್ತಾಯಿತು, ಇಳಿಯಿರಿ ಎಂದು ಕಾವಲಿನವರು ಬಂದರು. ದೊಡ್ಡವ್ವ ಕೈಯಿಂದಲೇ ತಡೆ ಎಂದಳು. ಅವರು ನಿಯಮ ಹೇಳಿದರು. ಅವಳು ಬಹಳ ಸಮಾಧಾನದಿಂದ, ಬಾಯಿಬಿಟ್ಟು, ಇಡೀ ಗೋಪುರ ಮೊಳಗುವಂತೆ, ಆಕೆ ಬರುವವರೆಗೂ ತಾನು ಇಳಿಯುವುದಿಲ್ಲ, ಕಾಯುತ್ತೇನೆಂದು ಹೇಳಿ ಕಳಿಸಿದ್ದೇನೆ ಎಂದು ತಿಳಿಸಿದಳು. ಅವರು ಕಿವಿಯೊಳಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡು ಸುಮ್ಮನೆ ನಮ್ಮ ಜೊತೆ ನಿಂತರು. ಆ ಹೆಂಗಸು ಬುಟ್ಟಿಗಳೊಂದಿಗೆ ಬಂದು, ಮೀನೆಲ್ಲ ತುಂಬಿ, ಕೊನೆಯ ಬುಟ್ಟಿ ತಲೆಗೇರಿಸಿ ಮೇಲಕ್ಕೆ ಒಮ್ಮೆ ಕೈ ಬೀಸಿದ ಮೇಲೆಯೇ ನಾವು ಇಳಿದದ್ದು.

ಆಚಾರ್ರ ಕ್ಯಾಮೆರಾದಲ್ಲಿ ಒಂದೇ ಒಂದು ಚಿತ್ರ ಸಿಕ್ಕಿತ್ತು. ಬೂದು ಬಣ್ಣದ ಬಂಡೆ, ಅದರ ಮೇಲೆ ಕಪ್ಪು ಬಿಳುಪಿನ ಒಂದು ಗೆರೆ, ಗೆರೆಯ ತುದಿಯಲ್ಲಿ ಒಂದು ಕೆಂಪು ಚುಕ್ಕೆ. ಈಗಲೂ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, ಇದು ಕೊಕ್ಕು ಎನ್ನುತ್ತಾರೆ. ನೋಡಿದವರು ಹೌದು ಹೌದು ಎನ್ನುತ್ತಾರೆ. ಮರಳಿ ಬರುವಾಗ ಅವರು ಟೆಂಪೋದಲ್ಲಿ ದೊಡ್ಡವ್ವನಿಂದ ಆದಷ್ಟು ದೂರದ ಸೀಟು ಹಿಡಿದರು ಎನ್ನುವುದನ್ನೂ ಹೇಳಿಬಿಡುತ್ತೇನೆ. ಅದರಿಂದ ಪ್ರಯೋಜನವಾಗಲಿಲ್ಲ. ತಿಂಗಳುಗಟ್ಟಲೆ ಒಳಗಿಟ್ಟುಕೊಂಡದ್ದನ್ನೆಲ್ಲ ಅವಳು ಒಂದೇ ದಾರಿಯಲ್ಲಿ ಹೇಳಿ ಮುಗಿಸುವ ಅವಸರದಲ್ಲಿದ್ದಳು. ನಮ್ಮ ಮನೆಯವರು ಇಷ್ಟು ದಿನ ಚಹಾಕ್ಕೆ ಎಷ್ಟು ಸಕ್ಕರೆ ಹಾಕುತ್ತಿದ್ದರು ಎಂಬಲ್ಲಿಂದ ಹಿಡಿದು ಆಸ್ಪತ್ರೆಯ ನರ್ಸಿನ ಜಡೆಯವರೆಗೆ ಎಲ್ಲ ಬಂತು. ನಮ್ಮ ಮನೆಯವರು ಕಿವಿಗೆ ಹತ್ತಿ ಇಟ್ಟುಕೊಂಡು ಮುಗುಳ್ನಗುತ್ತಾ ಕೂತಿದ್ದರು.

ಘಟ್ಟ ಹತ್ತುವ ಮೊದಲು ಅವಳು ನನ್ನ ಫೋನು ಕೇಳಿದಳು. ಬಸವಾ ಎಂದಳು. ಆ ಕಡೆ ಅವನು ಹೆಂಡತಿಯನ್ನು ಕೂಗಿ ಕರೆಯುವುದು, ಇಬ್ಬರೂ ಒಂದೇ ಸಲ ಮಾತಾಡುವುದು ಕೇಳಿಸಿತು. ದೊಡ್ಡವ್ವ ಅದಕ್ಕೆಲ್ಲ ಸೊಪ್ಪು ಹಾಕದೆ, ಸಸಿ ಎಷ್ಟೆತ್ತರ ಬಂದಿವೆ ಎಂದು ಕೇಳಿದಳು. "ಹೆಣ್ಮಕ್ಕಳಿಗೆ ಹೇಳಪಾ," ಎಂದಳು, "ಸೋಮವಾರ ಬರ್ತೀನಿ. ಅಲ್ಲೀತನ ಯಾರೂ ಗದ್ದಿಗೆ ಇಳಿಯಂಗಿಲ್ಲ."

ಸೋಮವಾರ ಎಂದದ್ದು ಕೇಳಿ ನನಗೆ ಥಟ್ಟನೆ ಹೊಳೆಯಿತು. ದನಿ ಬರಲಿ ಬರಲಿ ಎಂದು ನಾನು ಅಷ್ಟು ತಿಂಗಳು ದೇವರಿಗೆ ಕೈ ಮುಗಿದದ್ದು ಖರೆ. ಬಂದರೆ ಅವಳು ಹೋಗುತ್ತಾಳೆ ಎನ್ನುವುದನ್ನು ಮೊದಲ ದಿನವೇ ಅವಳು ಹೇಳಿದ್ದೂ ಖರೆ. ಎರಡನ್ನೂ ಜೋಡಿಸಿ ನೋಡುವ ಧೈರ್ಯವನ್ನು ನಾನು ಮಾಡಿರಲಿಲ್ಲ. ಖುಷಿಯೂ ಆಯಿತು, ಸಂಕಟವೂ ಆಯಿತು. ಕಿಟಕಿಯಾಚೆ ನೋಡುತ್ತಾ ಕೂತೆ.

ಸೋಮವಾರ ಬೆಳಿಗ್ಗೆ ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಸಿರುಗುಪ್ಪದ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಸೀಟು ಹಿಡಿದು, ತಲೆ ಹೊರಗೆ ಹಾಕಿ, ಡ್ರೈವರು ಬರುವವರೆಗೂ ಹೇಳುತ್ತಲೇ ಇದ್ದಳು. ನನ್ನ ಸಾರಿಗೆ ಹುಣಸೆಹಣ್ಣು ಜಾಸ್ತಿ. ನನ್ನ ಗಂಡನಿಗೆ ಸಕ್ಕರೆ ಕಡಿಮೆ ಮಾಡಬೇಕು. ನಾನು ರೊಟ್ಟಿ ಬಡಿಯುವುದು ನೋಡಿದರೆ ಯಾರಿಗಾದರೂ ನಗು ಬರುತ್ತದೆ. ಸುತ್ತ ನಿಂತಿದ್ದ ರಾಯಚೂರು, ಕಂಪ್ಲಿ, ಹೊಸಪೇಟೆಯ ಪ್ರಯಾಣಿಕರೆಲ್ಲ ನನ್ನ ಸಂಸಾರದ ಪೂರ್ತಿ ವಿವರ ತಿಳಿದುಕೊಂಡು ನನ್ನನ್ನು ಕನಿಕರದಿಂದ ನೋಡಿದರು. ಬಸ್ಸು ಅಲ್ಲಾಡಿತು.

"ಯುಗಾದಿಗೆ ಬರ್ತಿ ಇಲ್ಲ ಶಾರಿ?" ಎಂದು ಕೂಗಿ ಕೇಳಿದಳು.

ಬರ್ತೀನಿ ಎನ್ನಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಬಸ್ಸಿನ ಪಕ್ಕದಲ್ಲೇ ನಡೆಯುತ್ತಾ ತಲೆಯಾಡಿಸಿದೆ, ಕೈ ಎತ್ತಿದೆ.

ಬಸ್ಸು ಗೇಟು ದಾಟಿ ತಿರುಗಿತು. ಅವಳ ಮುಖ ಕಾಣಿಸಲಿಲ್ಲ. ದನಿ ಮಾತ್ರ ಆ ರಸ್ತೆಯ ಗದ್ದಲದ ಮೇಲಿಂದ ಬಂತು.

"ಬಾಯಿಬಿಟ್ಟು ಹೇಳಬೇ, ಕೇಳವಲ್ದು."